ಸಾವ್ಕಾರನ ಬಾಯಿಕುಕ್ಕೆ

"ಬಿಚ್ರೀ ಅದನ್ನ! ನಾಯಿ ಸತ್ತೋಯ್ತದೆ!"

ಹರದನಹಳ್ಳಿಯ ದಾರಿಯಲ್ಲಿ ಬೈಕು ಗಕ್ಕನೆ ನಿಂತಿತು. ಶಶಿರೇಖಾ ಬೆಚ್ಚಿ ತಿರುಗುವಷ್ಟರಲ್ಲಿ ಯುವಕನೊಬ್ಬ ಮಂಡಿಯೂರಿ, ಅವಳ ನಾಯಿ ಸಾವ್ಕಾರನ ಮೂತಿಗೆ ಬಿಗಿದಿದ್ದ ಬಟ್ಟೆಪಟ್ಟಿಯನ್ನು ಬಿಚ್ಚಿಯೇ ಬಿಟ್ಟಿದ್ದ. ಅಬ್ಬಾ, ಏನು ಧೈರ್ಯ!

"ಯಾರ್ರೀ ನೀವು? ಕಚ್ತದೆ ಅದು!"

"ಕಚ್ಲಿ ಬುಡಿ. ನಾಯಿಗೆ ಸೆಕೆ ಓಗೋದೇ ಬಾಯಿಂದ. ನಾಲಿಗೆ ಚಾಚಕ್ಕೂ ಆಗ್ದಂಗೆ ಕಟ್ಟಿದ್ರೆ ಈ ಬಿಸ್ಲಲ್ಲಿ ಉಳೀತದಾ?"

ಸಾವ್ಕಾರ ಏದುಸಿರು ಬಿಡುತ್ತಾ ಅವನ ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿತು. ಶಶಿರೇಖಾಳ ಕಣ್ಣು ತುಂಬಿ ಬಂತು. 'ಅಯ್ಯೋ, ನನ್ನ ಕೈಯಾರೆ...'

"ನಾನೇನ್ ಮಾಡ್ಲಿ? ಪಕ್ಕದ್ಮನೆ ಚಿಕ್ಕಮಲ್ಲಮ್ಮನ ಕಾಲಿಗೆ ಬಾಯಾಕ್ತು. ಬಾಯಿ ಕಟ್ದೆ ಆಚೆ ಬುಟ್ರೆ ಯಾರ್ಗಾದ್ರೂ ಕೊಟ್ಬುಡ್ತೀನಿ ಅಂತಾನೆ ನಮ್ಮಪ್ಪ."

"ಅಳ್ಬೇಡಿ. ಬಾಯಿಗೆ ಗಾಳಿ ಆಡೋ ಅಂತದ್ದು ನಾನೊಂದು ತತ್ತೀನಿ."

ಅವನು ಉಡಿಗಾಲದ ರಾಜಶೇಖರ್. ಚಾಮರಾಜನಗರದಲ್ಲಿ ಹಿಂಡಿ-ಬೂಸಾ ಅಂಗಡಿಯಲ್ಲಿ ಕೆಲಸ. ಮರುದಿನ ತಂದದ್ದೇನು ಗೊತ್ತೇ? ಪೈರಿಗೆ ಬಾಯಿ ಹಾಕದಂತೆ ಕರುವಿಗೆ ಕಟ್ಟುವ ಹಗ್ಗದ ಬಾಯಿಕುಕ್ಕೆ! ಅದು ಸಾವ್ಕಾರನ ಕಿವಿ ದಾಟಿ ಕೊರಳಿಗೆ ಜಾರಿತು. ಶಶಿರೇಖಾ ಹೊಟ್ಟೆ ಹಿಡಿದು ನಕ್ಕಳು.

"ನಗ್ರೀ ನಗ್ರೀ..." ಎಂದವನು ದಾರದಿಂದ ನಾಯಿಯ ಮೂತಿಯ ಅಳತೆ ತೆಗೆದು, ಮೈಸೂರಿಗೆ ಹೋಗಿ ರಬ್ಬರಿನ ಜಾಲರಿ ಕುಕ್ಕೆ ತಂದ.

"ಒಳಗೇ ಬಾಯಿ ಪೂರ್ತಿ ತೆಗೀಬೇಕು, ನೀರು ಕುಡೀಬೇಕು. ಕಣ್ಣಿಗೆ ಉಜ್ಬಾರ್ದು. ಪಟ್ಟಿ ಕೆಳಗೆ ಬೆರಳು ಓಗ್ಬೇಕು, ನೋಡಿ."

ಬೆರಳಿಟ್ಟು ನೋಡಿದಳು. ಅವನ ಬೆರಳೂ ಅಲ್ಲೇ ಇತ್ತು!

ಕುಕ್ಕೆಯ ಒಳಗೆ ಬೆಲ್ಲ ಸವರಿದರು. ನಾಲ್ಕೇ ದಿನಕ್ಕೆ ಸಾವ್ಕಾರ ತಾನಾಗಿ ಮೂತಿ ತೂರಿಸಿತು. ಬಿಸಿಲಿಳಿದ ಮೇಲಿನ ಸುತ್ತಾಟಕ್ಕೆ ರಾಜಶೇಖರ್ ದಿನಾ ಜೊತೆಯಾದ. ತಿಂಗಳಾಗುವಷ್ಟರಲ್ಲಿ ಶಶಿರೇಖಾ ಮನಸ್ಸು ಕೊಟ್ಟಾಗಿತ್ತು.

ಒಂದು ದಿನ ಅಪ್ಪ ಕರಿಬಸವಯ್ಯ ಕಾಫಿ ಕುಡಿಯುತ್ತಾ ಹೇಳಿದ, "ರಾತ್ರಿ ರಾಜಶೇಖರ ಬಂದಿದ್ದ ಕಣಮ್ಮಿ. ಸಾವ್ಕಾರನ್ನ ಅವ್ರ ಮನೇಗೇ ಕರ್ಕಂಡೋಯ್ತಾನಂತೆ. ನಾನೂ ಊಂ ಅಂದೆ."

ಶಶಿರೇಖಾ ದಡಕ್ಕನೆ ಎದ್ದಳು. 'ಇದಕ್ಕಾ ಇಷ್ಟೆಲ್ಲ? ನನ್ನ ನೋಡೋಕೆ ಬರ್ತಾನೆ ಅಂದ್ಕೊಂಡ ನಾನೆಂಥ ಪೆದ್ದಿ!'

ಸಿಕ್ಕಿದ ಬಸ್ಸು ಹತ್ತಿ, ಮಟಮಟ ಮಧ್ಯಾಹ್ನ ನೇರ ಅಂಗಡಿಗೇ ನುಗ್ಗಿದಳು.

"ನಾಯಿ ಮೇಲೆ ಕಣ್ಣಾಕಿ ಇಷ್ಟ್ ದಿನ ನಾಟ್ಕ ಆಡಿದ್ರಾ?"

ಬೂಸಾ ತೂಗುತ್ತಿದ್ದ ರಾಜಶೇಖರ್ ಕಣ್ಣು ಕಣ್ಣು ಬಿಟ್ಟ. "ನಿಮ್ಮಪ್ಪ ಏಳಿದ್ದು ಅಷ್ಟೇನಾ?"

"ಇನ್ನೇನೈತೆ ಏಳಕ್ಕೆ?"

"ನಾನು ಕೇಳಿದ್ದು ನಾಯಿನಲ್ಲ ಕಣ್ರೀ... ನಿಮ್ಮನ್ನ! 'ಅವ್ಳು ನಾಯಿ ಬುಟ್ಟು ಬರಾಕಿಲ್ಲ ಕಣಪ್ಪ' ಅಂದ್ರು. ಅದೂ ಬರ್ಲಿ, ನಮ್ಮನೇಲೇ ಇರ್ಲಿ ಅಂದೆ. ಮೊದ್ಲು ಮಗಳ ಮನ್ಸು ತಿಳ್ಕತೀನಿ ಅಂದಿದ್ರು."

ಓಹೋ! ಅಪ್ಪ ಮನಸ್ಸು ತಿಳಿದುಕೊಂಡ ಪರಿ ಇದು! ಅವಳ ಮುಖ ಕೆಂಪೇರಿತು. ಅಂಗಡಿಯ ಯಜಮಾನ ಶಿವಶಂಕರ ನಗು ತಡೆಯಲಾರದೆ ಒಳಗೆ ಹೋದ.

"ಇಷ್ಟ ಇಲ್ದಿದ್ರೆ ಏಳ್ಬುಡಿ," ರಾಜಶೇಖರ್ ಕೈಗಂಟಿದ ಬೂಸಾ ಕೊಡವಿದ. "ನಾಯಿ ನಿಮ್ತಾವೇ ಇರ್ತದೆ. ನಾನೇನೂ ಬೇಜಾರು ಮಾಡ್ಕಳಲ್ಲ."

"ಇಷ್ಟ ಇಲ್ದೆ ಈ ಉರಿಬಿಸ್ಲಲ್ಲಿ ಬತ್ತಿದ್ನಾ?"

"ಬಂದಿದ್ದು ನಾಯಿಗೋಸ್ಕರ ಅಲ್ವಾ?"

"ಅದು ಅರ್ಧ..." ಶಶಿರೇಖಾ ತಲೆ ತಗ್ಗಿಸಿ ನಕ್ಕಳು. "ಇನ್ನರ್ಧ ನಿಮ್ಗೋಸ್ಕರ ಕಣ್ರೀ. ಸೋಮವಾರ ನಿಮ್ಮವ್ವನ್ನ ಕರ್ಕಂಡು ಬನ್ನಿ."