ಗೇಟಿನ ಆಚೆಗೊಂದು ಚೀಲ

ಫಟ್!

ಮೊಣಕಾಲಿಗೆ ಕಚ್ಚಿದ ಸೊಳ್ಳೆಯನ್ನು ಜೋವಿ ಹೊಡೆದಳು. ಜಪದ ನಡುವೆ ಆ ಸದ್ದು ಪಟಾಕಿಯಂತೆ ಕೇಳಿಸಿತು. ಪಕ್ಕದಲ್ಲಿದ್ದ ಅಜ್ಜಿ, ಲೋಲಾ ಪಸಿಂಗ್, ಮುಚ್ಚಿದ ಕಣ್ಣು ತೆರೆಯದೆಯೇ ಮೊಮ್ಮಗಳ ತೊಡೆ ಚಿವುಟಿದಳು.

"ಆಯ್! ಸೊಳ್ಳೆ ಲೋಲಾ!"

"ಅದಕ್ಕೂ ಹಸಿವಿರುತ್ತೆ. ನೀನು ಜಪ ಹೇಳು."

ಹನ್ನೊಂದು ಹೆಂಗಸರು ರಸ್ತೆಯ ಮೇಲೆ ಖಾಲಿ ಸಿಮೆಂಟ್ ಚೀಲ ಹಾಸಿಕೊಂಡು ಮೊಣಕಾಲೂರಿದ್ದರು. ಲೋಲಾ ಜಪದ ಅರ್ಧ ಹೇಳಿ ನಿಲ್ಲಿಸುತ್ತಿದ್ದಳು. ಉಳಿದರ್ಧವನ್ನು ಮಿಕ್ಕವರೆಲ್ಲ ಸೇರಿ ಹೇಳುತ್ತಿದ್ದರು. ಒಬ್ಬರು ಕೂಗಿದರೆ ಇನ್ನೊಬ್ಬರು ಓಗೊಟ್ಟ ಹಾಗೆ.

ಎದುರಿಗೆ ಕಬ್ಬಿಣದ ದೊಡ್ಡ ಗೇಟು. ಅದಕ್ಕೆ ಸರಪಳಿ, ಬೀಗ. ಒಳಗೆ ತಗಡಿನ ಗೂಡಿನಲ್ಲಿ ಗಾರ್ಡ್ ಡೊಮೆಂಗ್ ಕೂತಿರುತ್ತಿದ್ದ. ಮೊದಲ ದಿನ ಜಪ ಶುರುವಾದಾಗ ಅವನು ತನ್ನ ರೇಡಿಯೋವನ್ನು ಎಷ್ಟು ಜೋರಾಗಿ ಹಚ್ಚಿದ್ದನೆಂದರೆ ಬೇಲಿಯ ಮೇಲಿನ ಹಕ್ಕಿಗಳೆಲ್ಲ ಎದ್ದು ಹೋಗಿದ್ದವು.

ಗೇಟಿನ ಒಳಗೆ, ಬೆಟ್ಟದ ಬುಡದಲ್ಲಿ, ಊರಿನ ಒರತೆಯಿತ್ತು. ಲೋಲಾಳ ಅಜ್ಜಿಯೂ ಅಲ್ಲೇ ನೀರು ತುಂಬಿದವಳು. ಹೋದ ವರ್ಷ ಸೆಬು ಪಟ್ಟಣದ ಕಂಪನಿಯೊಂದು ರೆಸಾರ್ಟ್ ಕಟ್ಟಲು ಬಂತು. ಬೆಟ್ಟ ಬೇಲಿಯೊಳಗೆ ಹೋಯಿತು. ನೀರಿಗೆ ಬೀಗ ಬಿತ್ತು. ಈಜುಕೊಳ ತುಂಬಿಸಲು ನೀರಿತ್ತು, ಊರಿನ ಮಕ್ಕಳ ಬಾಯಿಗೆ ಇರಲಿಲ್ಲ!

ಊರಿನವರು ಮೂರು ಅರ್ಜಿ ಕೊಟ್ಟರು. ಮೂರಕ್ಕೂ "ನೋಡೋಣ" ಎಂಬ ಉತ್ತರ ಬಂತು. ನಾಲ್ಕನೆಯ ಸಲ ಎಲ್ಲರೂ ಗೇಟಿಗೆ ಬಂದು ಕೂಗಿದಾಗ, ಗಲಾಟೆ ಮಾಡಬಾರದೆಂದು ಅಟ್ಟಿದರು.

"ಗಲಾಟೆ ಬೇಡ ಅಂದ್ರಲ್ಲ," ಎಂದಿದ್ದಳು ಲೋಲಾ. "ಪ್ರಾರ್ಥನೆನೂ ಬೇಡ ಅನ್ಲಿ, ನೋಡ್ತೀನಿ. ನಡೀರಿ, ನೊವೆನಾ ಶುರು ಮಾಡೋಣ. ಚರ್ಚಲ್ಲಿ ಅಲ್ಲ, ಅವರ ಗೇಟ್ ಮುಂದೆ."

ನೊವೆನಾ ಎಂದರೆ ಒಂಬತ್ತು ಸಂಜೆ, ಒಂದೂ ತಪ್ಪದ ಹಾಗೆ. ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು, ಅದು ಲೋಲಾಳ ಕಾನೂನು. ಮೊದಲ ಸಲ ಐದನೆಯ ಸಂಜೆ ಊರಿಗೆ ಊರೇ ಬ್ಯಾಸ್ಕೆಟ್‌ಬಾಲ್ ಫೈನಲ್ ನೋಡಲು ಹೋಗಿತ್ತು. ಲೋಲಾ ಎಲ್ಲರನ್ನೂ ಬೈದು, ಮತ್ತೆ ಒಂದರಿಂದ ಶುರು ಮಾಡಿಸಿದ್ದಳು. ಈಗ ನಡೆಯುತ್ತಿದ್ದದ್ದು ಮೂರನೆಯ ನೊವೆನಾ. ಅದರ ಏಳನೆಯ ಸಂಜೆ.

ಮನೆಗೆ ಹೋಗುವಾಗ ಜೋವಿ ಕೇಳಿಯೇಬಿಟ್ಟಳು.

"ಲೋಲಾ, ದೇವರಿಗೆ ಕಿವಿ ಕೇಳ್ಸಲ್ವಾ?"

"ಯಾಕೇ?"

"ಇಷ್ಟು ದಿನ ಆಯ್ತು. ಗೇಟ್ ಒಂದಿಂಚೂ ಅಲ್ಲಾಡಿಲ್ಲ."

"ಹೋದ ವರ್ಷ ಚಪ್ಪಲಿ ಬೇಕು ಅಂತ ಅಪ್ಪನ್ನ ಎಷ್ಟು ದಿನ ಕೇಳ್ದೆ?"

"ಹನ್ನೊಂದು ದಿನ."

"ಹತ್ತನೇ ದಿನಕ್ಕೇ ಬಿಡ್ಬೇಕಿತ್ತು. ಅಪ್ಪನಿಗೆ ಕಿವುಡು ಅಂದ್ಕೊಂಡು."

"ಅದ್ಹೇಗೆ ಬಿಡ್ಲಿ? ನಂಗೆ ಕಾಲು ಸುಡ್ತಿತ್ತಲ್ಲ!"

"ಹಾಂ," ಎಂದಳು ಲೋಲಾ. "ನಮಗೆ ಗಂಟಲು ಸುಡ್ತಿದೆ."

ಮರುದಿನ ಬೆಳಗ್ಗೆ ಜೋವಿ ಮತ್ತೆ ಸ್ಕೂಲಿಗೆ ಲೇಟ್. ಆಚೆ ಊರಿನ ಬಾವಿಯಿಂದ ಎರಡು ಕ್ಯಾನು ನೀರು ಹೊತ್ತು ತರಲು ಒಂದು ಗಂಟೆ ಹಿಡಿಯುತ್ತಿತ್ತು. ಟೀಚರ್ ಏನೂ ಕೇಳದೆ ಪೊರಕೆ ತೋರಿಸಿದರು. ಲೇಟಾದವರು ಅಂಗಳ ಗುಡಿಸಬೇಕು.

ಕಿಟಕಿಯಿಂದ ಚಿಕ್ಕಪ್ಪನ ಮಗ ಎಲ್ಮಾರ್ ಕಿಸಿಕಿಸಿ ನಕ್ಕ. "ಏಯ್ ಗೇಟ್ ಸಂತಮ್ಮ! ನಿನ್ನ ಜಪಕ್ಕೆ ಬೀಗ ಬಿಡ್ತಾ, ತುಕ್ಕು ಹಿಡೀತಾ?"

"ನಿನ್ನ ಬಾಯಿಗೆ ತುಕ್ಕು ಹಿಡೀಲಿ!" ಎಂದಳು ಜೋವಿ. ಆದರೆ ಆಮೇಲೆ ಒಂದೇ ಜಾಗವನ್ನು ಮತ್ತೆ ಮತ್ತೆ ಗುಡಿಸಿದಳು. ಎಲ್ಮಾರ್ ಹೇಳಿದ್ದು ನಿಜ ತಾನೇ?

ಮಧ್ಯಾಹ್ನ ಮಳೆ ಹಿಡಿಯಿತು. ಬಿರುಗಾಳಿಯ ಎಚ್ಚರಿಕೆ ಬಂತು. ಗಂಡಸರು ದೋಣಿ ಎಳೆದು ಕಟ್ಟಿದರು, ಹೆಂಗಸರು ಮಾಡಿನ ತಗಡಿಗೆ ಕಲ್ಲು ಹೇರಿದರು. ಲೋಲಾ ಜ್ವರದಿಂದ ಚಾಪೆಯ ಮೇಲೆ ನಡುಗುತ್ತಿದ್ದಳು. ಆದರೂ ಸಂಜೆಯಾಗುತ್ತಲೇ ಗೋಡೆ ಹಿಡಿದು ಎದ್ದಳು.

"ಎಲ್ಲಿಗೆ ಲೋಲಾ?"

"ಇವತ್ತು ಎಂಟು. ತಪ್ಪಿದ್ರೆ ಮತ್ತೆ ಒಂದರಿಂದ."

ಮತ್ತೆ ಒಂದರಿಂದ! ಜೋವಿಗೆ ಭಕ್ತಿಯೇನೂ ಉಕ್ಕಲಿಲ್ಲ, ಸಿಟ್ಟೇ ಉಕ್ಕಿತು.

"ನೀನು ಮಲಕ್ಕೋ. ನಾನೇ ಹೋಗ್ತೀನಿ!"

ಗೇಟು ಕೂಗಳತೆಯ ದೂರದಲ್ಲಿತ್ತು. ಬಾಳೆ ಎಲೆ ತಲೆಗೆ ಹಿಡಿದು, ಲೋಲಾಳ ಜಪಸರ ಕೊರಳಿಗೆ ಹಾಕಿಕೊಂಡು ಓಡಿದಳು. ಅಲ್ಲಿ ಯಾರೂ ಇರಲಿಲ್ಲ. ಚೀಲ ಹಾಸಿ ಮೊಣಕಾಲೂರಿದಳು.

"ನಮೋ ಮರಿಯೆ..." ಎಂದು ಶುರು ಮಾಡಿ, ಅರ್ಧಕ್ಕೆ ಬಂದು ಅಭ್ಯಾಸದಂತೆ ನಿಲ್ಲಿಸಿದಳು.

ಬರೀ ಮಳೆಯ ಸದ್ದು.

ಉಳಿದರ್ಧ ಹೇಳಲು ಯಾರೂ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಳು ಬಂತು. ಇನ್ನೇನು ತಾನೇ ಹೇಳಬೇಕು, ಅಷ್ಟರಲ್ಲಿ ತಗಡಿನ ಗೂಡಿನಿಂದ ದಪ್ಪ ದನಿಯೊಂದು ಕೇಳಿಸಿತು.

"ಸಂತ ಮರಿಯೆ, ದೇವಮಾತೆಯೆ..."

ಜೋವಿ ಗೂಡಿನ ಕಡೆ ತಿರುಗಿದಳು. ದನಿ ಕೊನೆಯವರೆಗೂ ಹೇಳಿ ನಿಂತಿತು. ಕಾಯಿತು.

ಅವಳು ಎರಡನೆಯ ಮಣಿ ಹಿಡಿದು ತನ್ನರ್ಧ ಹೇಳಿದಳು. ಅದು ತನ್ನರ್ಧ ಹೇಳಿತು. ಹೀಗೇ ಐವತ್ತು ಮಣಿಯೂ ಮುಗಿದವು.

ಕೊಡೆ ಹಿಡಿದು ಡೊಮೆಂಗ್ ಗೇಟಿನ ಹತ್ತಿರ ಬಂದ. "ಇಷ್ಟು ಚಿಕ್ಕೋಳನ್ನ ಒಬ್ಬಳನ್ನೇ ಕಳ್ಸಿದ್ದಾರಾ? ಅಜ್ಜಿ ಎಲ್ಲಿ?"

"ಜ್ವರ. ಮಾನೋಂಗ್," ಅಣ್ಣಾ ಎನ್ನುವ ಹಾಗೆ ಕರೆದಳು ಜೋವಿ, "ನಿಮಗೆ ಜಪ ಬರುತ್ತಾ?"

"ನಮ್ಮಮ್ಮ ಹೇಳಿಕೊಟ್ಟಿದ್ದು. ಇಪ್ಪತ್ತು ವರ್ಷ ಆಗಿತ್ತು ಬಿಟ್ಟು." ಅವನು ಕೆನ್ನೆ ಕೆರೆದುಕೊಂಡ. "ದಿನಾ ಬಂದು ಕಿವಿಗೆ ಹಾಕ್ತೀರಲ್ಲ. ಮೊದ್ಲು ರೇಡಿಯೋ ಜೋರು ಮಾಡ್ದೆ. ಆಮೇಲೆ ಕಮ್ಮಿ ಮಾಡ್ದೆ. ಆಮೇಲೆ ನಿಲ್ಲಿಸ್ದೆ."

ಹೌದಲ್ಲ! ರೇಡಿಯೋ ನಿಂತು ಎಷ್ಟು ದಿನವಾಗಿತ್ತು? ಜೋವಿ ಗಮನಿಸಿಯೇ ಇರಲಿಲ್ಲ. ಅವಳ ಕಣ್ಣೆಲ್ಲ ಬೀಗದ ಮೇಲಿತ್ತು.

"ಹಾಗಾದ್ರೆ ಗೇಟ್ ತೆಗೀರಿ."

"ಕೀ ಇದೆ ಮಗೂ, ಹುಕುಂ ಇಲ್ಲ. ತೆಗೆದ್ರೆ ನಾಳೆ ಬೇರೆ ಗಾರ್ಡು, ಬೇರೆ ಬೀಗ." ಡೊಮೆಂಗ್ ಗೂಡಿಗೆ ಹೋಗಿ ಒಂದು ಬಾಟಲಿ ತಂದು ಸರಳುಗಳ ನಡುವೆ ತೂರಿಸಿದ. "ಇದನ್ನ ಅಜ್ಜಿಗೆ ಕೊಡು. ಗೇಟಲ್ಲಿ ಹೋಗದ್ದು ಸಂದೀಲಿ ಹೋಗ್ಲಿ."

ಲೋಲಾ ಒಂದು ಗುಟುಕು ಕುಡಿದು ಕಣ್ಣರಳಿಸಿದಳು. "ಇದು ನಮ್ಮ ಒರತೆ ನೀರು! ಎಲ್ಲಿ ಸಿಕ್ತೇ?"

ಜೋವಿ ಎಲ್ಲವನ್ನೂ ಹೇಳಿದಳು. ಲೋಲಾ ಬಾಟಲಿಯನ್ನು ಎದೆಗೊತ್ತಿಕೊಂಡು ಹಾಗೇ ಕೂತಳು.

ಮರುದಿನ ಒಂಬತ್ತು. ಗಾಳಿ ಇಳಿದಿತ್ತು. ಹೆಂಗಸರೆಲ್ಲ ಬಂದರು. ಲೋಲಾ ಜೋವಿಯ ಭುಜ ಹಿಡಿದು ಬಂದಳು. ಹಿಂದೆ ಎಲ್ಮಾರ್ ಕೂಡ ಇದ್ದ. "ಸುಮ್ನೆ ನೋಡೋಕೆ ಬಂದೆ," ಎಂದ.

ಜಪ ಶುರುವಾಯಿತು. ಉಳಿದರ್ಧ ಎರಡೂ ಕಡೆಯಿಂದ ಬಂತು. ಹೆಂಗಸರು ಬೆಚ್ಚಿ ಕಣ್ಣು ತೆರೆದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಗೇಟಿನ ಒಳಗೆ ಡೊಮೆಂಗ್ ನಿಂತಿದ್ದ.

ಜಪ ಮುಗಿಯಿತು. ಸರಪಳಿ ಅಲ್ಲೇ ಇತ್ತು. ಬೀಗವೂ ಅಲ್ಲೇ ಇತ್ತು.

"ನಾಳೆಯಿಂದ ನಾಲ್ಕನೇದು," ಎಂದಳು ಲೋಲಾ.

"ಅಯ್ಯೋ, ಮತ್ತೆ ಒಂದರಿಂದಾ?" ಎಂದ ಎಲ್ಮಾರ್.

"ಹ್ಞೂಂ. ನೀನೂ ಒಂದು ಚೀಲ ತಗೊಂಡು ಬಾ," ಎಂದಳು ಜೋವಿ.

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಗೇಟಿಗೆ ಬಂದಳು. ಕಂಕುಳಲ್ಲಿ ಎರಡು ಚೀಲಗಳಿದ್ದವು. ಒಂದನ್ನು ಎಂದಿನಂತೆ ರಸ್ತೆಯ ಮೇಲೆ ಹಾಸಿದಳು. ಇನ್ನೊಂದನ್ನು ಮಡಚಿ, ಬಗ್ಗಿ, ಗೇಟಿನ ಅಡಿಯಿಂದ ಒಳಗೆ ತಳ್ಳಿದಳು.

"ಮಾನೋಂಗ್," ಎಂದು ಕರೆದಳು, "ಕಲ್ಲು ಚುಚ್ಚುತ್ತೆ. ಇದನ್ನ ಹಾಸ್ಕೊಳ್ಳಿ."