ಸರೋಜವ್ವನ ಉಡಿಯಲ್ಲಿದ್ದ ಫೋನ್

ಸವಣೂರು ಠಾಣೆಗೆ ಆ ದೂರು ಬಂದದ್ದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ. ಖಾರದ ತಿನಿಸುಗಳ ವ್ಯಾಪಾರಿ ಚನ್ನೇಶ ತನ್ನ ತಾಯಿ ಸರೋಜವ್ವನ ಸಮಾಧಿಗೆ ಹಾಲು ತುಪ್ಪ ಎರೆಯಲು ಹೋಗಿದ್ದ. ಮಣ್ಣು ಮಾಡಿ ಅದು ಮೂರನೇ ದಿನ. ಎಲೆತೋಟದ ಅಂಚಿನಲ್ಲಿದ್ದ ಸಮಾಧಿಯನ್ನು ಯಾರೋ ಅಗೆದು ಮತ್ತೆ ಮುಚ್ಚಿದ್ದರು.

ಅವನೊಂದಿಗೆ ತಂದೆ ಪರಮೇಶಪ್ಪ ಮತ್ತು ಶಿಗ್ಗಾಂವಿಗೆ ಕೊಟ್ಟಿದ್ದ ಅಕ್ಕ ಸುಧಾರಾಣಿ ಬಂದಿದ್ದರು. ಇನ್ಸ್‌ಪೆಕ್ಟರ್ ಯಶೋಧರಾ ಕುರ್ಚಿ ತೋರಿಸಿದರು. ಪರಮೇಶಪ್ಪ ಕೂರಲಿಲ್ಲ.

"ಸಾಹೇಬ್ರು ಯಾರೂ ಇಲ್ಲೇನು?" ಎಂದು ಕೇಳಿದ.

"ನಾನ ಸಾಹೇಬ್ರು. ಕುಂತ್ರಿ. ಯಾರ ಮ್ಯಾಲ ಸಂಶಯ ಐತಿ?"

ಚನ್ನೇಶ ನೆಲ ನೋಡಿದ.

"ಬಾಯಿ ಬಿಡೋ," ಎಂದಳು ಸುಧಾರಾಣಿ. "ನಿನ್ನ ಹೇಂತಿ ಹೆಸರು ಹೇಳಾಕ ನಾಚಿಕಿ ಏನು?"

ಹೇಳಿಕೆ ಬರೆಸುವಾಗ ವಿಷಯ ಹೊರಬಿತ್ತು. ಸರೋಜವ್ವ ಖಾರ, ಚಕ್ಕಲಿ, ಕರದಂಟು ಮಾಡುವುದನ್ನು ಆರು ವರ್ಷಗಳಿಂದ ಸೊಸೆ ತನುಜಾ ವಿಡಿಯೋ ಮಾಡುತ್ತಿದ್ದಳು. ಆ ಚಾನೆಲ್ ಈಗ ನಾಡಿನಾಚೆಗೂ ಹೆಸರಾಗಿತ್ತು. ಮನೆಯ ಅರ್ಧ ವ್ಯಾಪಾರ ಅದರಿಂದಲೇ ನಡೆಯುತ್ತಿತ್ತು. ಆದರೆ ಚಾನೆಲ್, ನಂಬರ್, ಫೋನ್ ಎಲ್ಲವೂ ಸರೋಜವ್ವನ ಹೆಸರಿನಲ್ಲಿದ್ದವು. ಪಾಸ್‌ವರ್ಡ್ ಆಕೆಯೊಬ್ಬಳಿಗೇ ಗೊತ್ತು. ನನ್ನ ಹೆಸರನ್ನೂ ಸೇರಿಸಿರಿ ಎಂದು ತನುಜಾ ಒಮ್ಮೆ ಕೇಳಿದ್ದಕ್ಕೆ ಅತ್ತೆ, "ನನ್ನ ಸಾವಿನ ದಾರಿ ಕಾಯಾಕತ್ತೀಯೇನು?" ಎಂದಿದ್ದಳು. ಆಮೇಲೆ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಕಳೆದ ಶನಿವಾರ ಊಟ ಮಾಡಿ ಅಡ್ಡಾದ ಸರೋಜವ್ವ ಮೇಲೇಳಲಿಲ್ಲ.

ಭಾನುವಾರ ಮಣ್ಣು ಮಾಡಿ ಬಂದ ಮೇಲೆ ತನುಜಾ ಫೋನಿಗಾಗಿ ಮನೆಯೆಲ್ಲ ಹುಡುಕಿದಳು. ಮಾತನಾಡಿಸಲು ಬಂದ ಮಂದಿಯ ಎದುರೇ ಸುಧಾರಾಣಿ ಹೇಳಿದ್ದಳು: "ಅವ್ವನ ಉಡ್ಯಾಗ ಇಟ್ಟು ಕಳಿಸೇನಿ. ಬೇಕಿದ್ರ ಹೋಗಿ ತಗೋ." ಅತ್ತಿಗೆ ನಾದಿನಿಯರಿಗೆ ಜಗಳ ಹತ್ತಿ, ಸುಧಾರಾಣಿ ಅಂದೇ ಶಿಗ್ಗಾಂವಿಗೆ ಹೊರಟುಹೋಗಿದ್ದಳು.

ಭಾರತೀಯ ನ್ಯಾಯ ಸಂಹಿತೆ ಕಲಂ 301ರ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ತಹಶೀಲ್ದಾರರು ಮತ್ತು ಇಬ್ಬರು ಪಂಚರ ಸಮಕ್ಷಮ ಸಮಾಧಿ ತೆರೆಸಿ ಪಂಚನಾಮೆ ಮಾಡಿದರು. ಪದ್ಧತಿಯಂತೆ ಕೂರಿಸಿ ಹೂಳಿದ್ದ ದೇಹ ಹಾಗೆಯೇ ಇತ್ತು. ಅಗೆದವರು ಮುಖದ ಬದಿಯಿಂದ ಇಳಿದು, ಉಡಿಯವರೆಗೆ ಮಾತ್ರ ಕೈ ಹಾಕಿದ್ದರು. ಫೋನ್ ಇರಲಿಲ್ಲ. ಅದರ ಜಾಗದಲ್ಲಿ ಕುಪ್ಪಸದ ಹೊಸ ಹಳದಿ ಖಣ, ಹಿಡಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು ಇದ್ದವು.

"ಇದು ನಾವು ಹಾಕಿದ್ದಲ್ರಿ," ಎಂದ ಚನ್ನೇಶ. "ನಾವು ಹಸರ ಖಣ ಹಾಕಿದ್ವಿ."

ಕಾನ್‌ಸ್ಟೇಬಲ್ ಮಾಲತೇಶ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅಂದ: "ತುಡುಗು ಮಾಡಿ ಉಡಿ ತುಂಬಿ ಹೋಗ್ಯಾನಲ್ರಿ ಮೇಡಂ."

"ಹೋಗ್ಯಾಳ ಅನ್ನು," ಎಂದರು ಯಶೋಧರಾ. "ಮುತ್ತೈದಿ ಉಡಿ ಬರಿದು ಮಾಡಬಾರ್ದು ಅನ್ನೋ ಅಂಜಿಕಿ ಗಂಡಸಿಗೆ ಬರೂದಿಲ್ಲ. ಮನಿ ಹೆಣ್ಣುಮಗಳ ಕೆಲಸ ಇದು."

ಮನೆಯ ಹೆಣ್ಣುಮಕ್ಕಳು ಇಬ್ಬರೇ. ಮಧ್ಯಾಹ್ನ ಮೂರಕ್ಕೆ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಜನ್ನತಬಿಯನ್ನು ಕರೆದುಕೊಂಡು ಯಶೋಧರಾ ತನುಜಾಳ ಮನೆಗೆ ಹೋದರು. ಪರಮೇಶಪ್ಪ ಸೊಸೆಯ ಟ್ರಂಕನ್ನು ತಾನೇ ಅಂಗಳಕ್ಕೆ ಎಳೆದು ಹಾಕಿದ.

"ಫೋನ್ ಎಲ್ಲೈತಿ?" ಎಂದು ಯಶೋಧರಾ ಕೇಳಿದರು.

"ನನ್ನ ಹತ್ರ ಇಲ್ರಿ," ಎಂದಳು ತನುಜಾ.

"ಬೇಕಾಗಿತ್ತಲ್ಲ?"

"ಈಗೂ ಬೇಕ್ರಿ. ಆರು ವರ್ಷ ಕೈ ಸೇದೂ ಮಟಾ ಅದನ್ನ ಹಿಡಿದು ನಿಂತೇನಿ. ಅದು ಹೋದ್ರ ನನ್ನ ದುಡಿಮಿ ಅಂತ ತೋರ್ಸಾಕ ಏನೂ ಉಳಿಯೂದಿಲ್ಲ. ಹಂಗಂತ ಅತ್ತಿ ಹೆಣ ಕೆದರಾಕಿ ಅಲ್ಲ ನಾ."

"ನಿನ್ನ ಗಂಡನ ದೂರು ಕೊಟ್ಟಾನ."

"ಅಂವ ಹುಟ್ಟಿದಾಗಿಂದ ಅಕ್ಕನ ಬಾಯಿಲೇ ಮಾತಾಡ್ತಾನ್ರಿ."

ಶೋಧದಲ್ಲಿ ಏನೂ ಸಿಗಲಿಲ್ಲ. ಸರೋಜವ್ವನ ಸಿಮ್ ಯಾವಾಗ, ಎಲ್ಲಿ, ಯಾವ ಫೋನಿನಲ್ಲಿ ಚಾಲೂ ಆಗಿದೆ ಎಂದು ಮೊಬೈಲ್ ಕಂಪನಿಗೆ ಕೇಳಿ ಬರೆದರು. ಉತ್ತರಕ್ಕೆ ಕಾಯುತ್ತಿದ್ದಾಗ ಬುಧವಾರ ಜನ್ನತಬಿ ತನ್ನ ಫೋನ್ ಹಿಡಿದು ಒಳಗೆ ಬಂದಳು.

"ಮೇಡಂ, ಚಾನೆಲ್‌ನಾಗ ಚಕ್ಕಲಿ ವಿಡಿಯೋ ಕಾಣವಲ್ದು. ಉಳಿದಿದ್ದೆಲ್ಲಾ ಐತಿ. ಮಂದಿ ಎಲ್ಲಾದಕ್ಕಿಂತ ಹೆಚ್ಚು ನೋಡಿದ್ದು ಅದನ್ನ."

"ಅಂಗಡಿ ಹೊಡಕೊಳ್ಳಾಕ ಬಂದಾಕಿ ಅಂಗಡಿ ಬೋರ್ಡ್ ಯಾಕ ಕೀಳ್ತಾಳ?" ಎಂದರು ಯಶೋಧರಾ. "ಏನಿತ್ತು ಅದರಾಗ?"

ಜನ್ನತಬಿಗೆ ನಗು ಬಂತು. ಆಮೇಲೆ ನಿಂತಿತು.

"ಸರೋಜವ್ವ ಹಿಟ್ಟು ಒತ್ತಿಕೋಂತ ಹೇಳ್ತಾಳ್ರಿ: 'ನನ್ನ ಮಗಳು ಮಾಡಿದ ಚಕ್ಕಲಿ ನಾಯಿಗೆ ಒಗದ್ವಿ. ಅದು ಹಲ್ಲು ಎಣಿಸ್ಕೋಂತ ಹೋತು. ಇದು ನನ್ನ ಸೊಸಿ ಹದ, ನೋಡ್ರಿ.' ವಿಡಿಯೋ ಹಿಡಿದ ತನುಜಾ ನಗೂದೂ ಕೇಳಸ್ತೈತಿ."

ಗುರುವಾರ ಬೆಳಿಗ್ಗೆ ಕಂಪನಿಯ ಉತ್ತರ ಬಂತು. ಸೋಮವಾರ ಸಂಜೆ ಏಳೂವರೆಗೆ ಆ ಸಿಮ್ ಶಿಗ್ಗಾಂವಿಯಲ್ಲಿ ಚಾಲೂ ಆಗಿತ್ತು. ಹಾಕಿದ್ದು ಸುಧಾರಾಣಿಯ ಫೋನಿಗೆ. ಅದೇ ಹೊತ್ತಿಗೆ ಚಾನೆಲ್‌ನ ಪಾಸ್‌ವರ್ಡ್ ಬದಲಿಸಲು ಬೇಕಾದ ಒಟಿಪಿ ಸಂದೇಶ ಅದಕ್ಕೆ ಬಂದಿತ್ತು.

ಜೀಪು ಶಿಗ್ಗಾಂವಿಯ ಮನೆ ಮುಂದೆ ನಿಂತಾಗ ಹತ್ತು ದಾಟಿತ್ತು. ಸುಧಾರಾಣಿಯ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಪೊಲೀಸರನ್ನು ನೋಡಿ ಎದ್ದೇಳದೆ ಒಳಗೆ ಕೂಗಿದಳು: "ಏ ಸುಧಾ, ಬಂದೋರ ಮುಂದ ಚಕ್ಕಲಿ ಇಡು. ಪೊಲೀಸರ ಹಲ್ಲು ಗಟ್ಟಿ ಇರ್ತಾವ."

ಪಕ್ಕದಲ್ಲಿದ್ದ ಸುಧಾರಾಣಿಯ ನಾದಿನಿ ಸೆರಗು ಕಚ್ಚಿ ನಕ್ಕಳು. ಬಾಗಿಲಿಗೆ ಬಂದ ಸುಧಾರಾಣಿ ಪೊಲೀಸರ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಿದಳು. ಆ ನೋಟ ಕಂಡ ಮೇಲೆ ಯಶೋಧರಾ ಹೆಚ್ಚು ಕೇಳುವ ಅಗತ್ಯ ಬೀಳಲಿಲ್ಲ. ಪಂಚರ ಎದುರು ಶೋಧಿಸಿದಾಗ ಶೇಂಗಾದ ಚೀಲದಲ್ಲಿ ಮಣ್ಣು ಮೆತ್ತಿದ ಫೋನ್ ಹಸಿರು ಖಣದಲ್ಲಿ ಸುತ್ತಿದಂತೆಯೇ ಸಿಕ್ಕಿತು.

"ಯಾವಾಗ ಅಗದಿ?"

"ಸೋಮವಾರ ಹೊತ್ತು ಮುಳುಗೂ ಮುಂದ್ರಿ. ಸ್ಕೂಟಿ ತಗೊಂಡು ಹೋಗಿದ್ನಿ."

"ಇಟ್ಟಾಕಿ ನೀನ, ತಗದಾಕಿನೂ ನೀನ?"

"ಫೋನ್ ಮಣ್ಣಾಗ ಹೋದ್ರ ಅದರಾಗಿಂದೆಲ್ಲಾ ಹೋಗ್ತೈತಿ ಅಂದ್ಕೊಂಡಿದ್ನಿ. ಮರುದಿನ ಮುಂಜಾನೆ ಅತ್ತಿ, ನಾದಿನಿ ಮತ್ತ ಆ ಚಕ್ಕಲಿ ವಿಡಿಯೋ ಹಚ್ಚಿದ್ರು. ಅವ್ವನ್ನ ಮಣ್ಣು ಮಾಡಿ ಬಂದೇನಿ, ಅವ್ವ ಇಲ್ಲಿ ಹೊರಸಿನ ಮ್ಯಾಲ ಇವ್ರ ಫೋನಿನಾಗ ನನ್ನ ಬೈಯಾಕತ್ತಾಳ. ಆಮ್ಯಾಲ ತಿಳೀತು, ಆ ಸಿಮ್ ಇಲ್ಲದ ಚಾನೆಲ್ ತೆಗಿಯೂದಿಲ್ಲ ಅಂತ."

"ತನುಜಾನ ಹೆಸರು ಯಾಕ ಹಚ್ಚಿದಿ?"

"ಆಕಿ ನಕ್ಕಾಳಲ್ರಿ. ಅಳಿಸವ್ವಾ ಅಂತ ಕೈ ಮುಗದೇನಿ. ಮಂದಿ ಭಾಳ ನೋಡಾಕತ್ತಾರಕ್ಕ, ಹೆಂಗ ಅಳಸ್ಲಿ ಅಂದ್ಲು."

"ಇಡೀ ಚಾನೆಲ್ ಕೈಯಾಗಿತ್ತಲ್ಲ. ಒಂದ ಯಾಕ ಅಳಿಸಿದಿ?"

"ಉಳಿದದ್ರಾಗ ಅವ್ವ ಚಲೋ ನಗ್ತಾಳ್ರಿ," ಎಂದಳು.

ಬಂಧನದ ಪತ್ರಕ್ಕೆ ಸಹಿ ಮಾಡಿಸಿ ಸವಣೂರಿಗೆ ಕರೆತಂದರು. ಕೇಸ್ ಡೈರಿಯಲ್ಲಿ ಯಶೋಧರಾ ಮೊದಲು 'ಆಸ್ತಿ ಕಲಹ' ಎಂದು ಬರೆದರು. ಅದನ್ನು ಹೊಡೆದು 'ಅಪಮಾನ' ಎಂದು ಬರೆದರು.

ಅಷ್ಟರಲ್ಲಿ ತನುಜಾ ಠಾಣೆಗೆ ಬಂದಳು. ಫೋನ್, ಸಿಮ್ ಎರಡೂ ಕೋರ್ಟಿನ ವಶಕ್ಕೆ ಹೋಗುತ್ತವೆ, ಕೇಸ್ ಮುಗಿಯುವವರೆಗೆ ಸಿಗುವುದಿಲ್ಲ ಎಂದು ಜನ್ನತಬಿ ತಿಳಿಸಿ ಹೇಳಿದಳು. ತನುಜಾ ಬೆಂಚಿನ ಮೇಲಿದ್ದ ನಾದಿನಿಯ ಮುಂದೆ ಹೋಗಿ ನಿಂತಳು.

"ಅಕ್ಕಾ, ಹೊಸಾ ಪಾಸ್‌ವರ್ಡ್ ಏನಿಟ್ಟೀರಿ?"

"ಆ ವಿಡಿಯೋ ಮತ್ತ ಎಲ್ಲೂ ಕಾಣೂದಿಲ್ಲ ಅಂತ ಆಣಿ ಮಾಡು. ಹೇಳ್ತೇನಿ."

ಒಂದು ಸುಳ್ಳು ಆಣೆ ಸಾಕಿತ್ತು. ಮನೆಯ ವ್ಯಾಪಾರ, ಆರು ವರ್ಷದ ದುಡಿಮೆ ಎರಡೂ ಕೈಗೆ ಬರುತ್ತಿದ್ದವು.

"ನಾ ಹಾಕೂದಿಲ್ಲಕ್ಕ," ಎಂದಳು ತನುಜಾ. " ಆದ್ರ ಅದು ಮಂದಿ ಫೋನಿನಾಗೆಲ್ಲಾ ಐತಿ. ನಿಮ್ಮನ್ನ ಹಿಡಕೊಂಡು ಬಂದ ಸುದ್ದಿ ಹಬ್ಬಿ, ಈಗ ಮತ್ತ ಹರದಾಡಾಕತ್ತೈತಿ. ನನ್ನ ಆಣಿಗೆ ಅದು ನಿಲ್ಲೂದಿಲ್ಲ."

ಸುಧಾರಾಣಿ ಅವಳ ಮುಖವನ್ನೇ ನೋಡಿದಳು. ಸುಳ್ಳಲ್ಲ ಎಂದು ಗೊತ್ತಾಯಿತು. ಗೋಡೆಯ ಕಡೆ ತಿರುಗಿ ಕೂತಳು.

"ಹಂಗಾರ ನಂಗ ಪಾಸ್‌ವರ್ಡ್ ಮರ್ತೈತಿ," ಎಂದಳು.