ಮಲಾಕಾದ ನಗು

ಸಂಯುಕ್ತಾಳಿಗೆ ಎರಡು ನಗು. ಕನ್ನಡದಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮಲಯ್ ಭಾಷೆಯಲ್ಲಿ ನಗುವಾಗ ಆ ಕೈ ಮೇಜಿನ ಮೇಲೆಯೇ ಉಳಿಯುತ್ತಿತ್ತು. ಒಂದು ವರ್ಷ ಜೊತೆಗೆ ಓಡಾಡಿದ ಸುಘೋಷನಿಗೆ ಈ ಎರಡನೆಯ ನಗು ಕಂಡದ್ದು ಲಾಸ್ ಗ್ಯಾಟೋಸ್‌ನ ಅವಳ ಆಫೀಸಿನ ಗಾಜಿನಾಚೆ ನಿಂತಾಗ.

ಒಳಗೆ ಅಜ್ಲಾನ್ ಎಂಬ ಮಲೇಷ್ಯಾದ ಸಹೋದ್ಯೋಗಿ ಎದೆಯ ಮೇಲೆ ಕೈಯಿಟ್ಟು ಅವಳಿಗೆ ಏನೋ ಹೇಳುತ್ತಿದ್ದ. ಅವಳು ಕಣ್ಣು ತಗ್ಗಿಸಿ ಉತ್ತರ ಕೊಟ್ಟಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅವಳು ಕಾರು ಹತ್ತುತ್ತಿದ್ದಂತೆ ಸುಘೋಷ ಕೇಳಿದ. "ಏನಂದ ಅವನು?"

"ಸಿನಿಮಾಗೆ ಮಲಯ್ ಸಬ್‌ಟೈಟಲ್ಲು ಕಣೋ. ಬರೆದ ಡೈಲಾಗನ್ನ ಜೋರಾಗಿ ಓದಿ ನೋಡ್ತೀವಿ. ಅವನು ಹೀರೋ, ನಾನು ಹೀರೋಯಿನ್ನು. ಬಾಯಲ್ಲಿ ತೊಡರಿದ್ರೆ ಮತ್ತೆ ಬರೀಬೇಕು."

"ದಿನಾ ನೀನೇ ಹೀರೋಯಿನ್ನಾ?"

"ಟೀಮಲ್ಲಿ ಮಲಯ್ ಬರೋ ಹುಡುಗಿ ನಾನೊಬ್ಬಳೇ. ನಿನಗೆ ಬಂದಿದ್ರೆ ಹೀರೋ ಪಾರ್ಟು ನಿನಗೇ ಕೊಡ್ತಿದ್ದೆ."

ಅವಳು ತಮಾಷೆಗೆ ಅಂದಳು. ಅವನಿಗೆ ಅದು ಮುಳ್ಳಿನಂತೆ ಒಳಗೇ ಉಳಿಯಿತು.

ಅವಳ ತಂದೆ ಮೈಸೂರಿನ ಡಾಕ್ಟರು, ಮಲೇಷ್ಯಾದ ಮಲಾಕಾ ಎಂಬ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಹದಿನೇಳು ತುಂಬುವವರೆಗೆ ಅವಳು ಬೆಳೆದದ್ದು ಅಲ್ಲೇ. ಆ ಹದಿನೇಳು ವರ್ಷದ ಬಾಗಿಲಿನ ಕೀಲಿ ಅಜ್ಲಾನನ ಬಳಿ ಇದೆ, ತನ್ನ ಬಳಿ ಇಲ್ಲ. ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು. ಸಾಲದ್ದಕ್ಕೆ ಅವಳ ಕಂಪನಿಯ ಕೌಲಾಲಂಪುರದ ಆಫೀಸು ಅವಳನ್ನು ಎರಡು ವರ್ಷಕ್ಕೆ ಕರೆದಿತ್ತು. ತಿಂಗಳೊಳಗೆ ಉತ್ತರ ಹೇಳಬೇಕು. ಅಜ್ಲಾನ್ ಹೇಗೂ ಅಲ್ಲಿಗೆ ಹೊರಟಿದ್ದ.

ಬೇರೆಯವನಾಗಿದ್ದರೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತಿದ್ದ. ಆದರೆ ಹೊಟ್ಟೆಕಿಚ್ಚು ಮೊದಲು ಸುಡುವುದು ಬುದ್ಧಿಯನ್ನೇ. ಸುಘೋಷ ಕದ್ದು ಕೇಳಲೆಂದು ಭಾಷೆ ಕಲಿಯಲು ಹೊರಟ. ಇಂಟರ್ನೆಟ್ಟಿನಲ್ಲಿ ಸಿಕ್ಕ ಟೀಚರಮ್ಮ ಜಕಾರ್ತಾದವರು. ಪ್ಲೆಸೆಂಟನ್ನಿನ ತನ್ನ ಆಫೀಸಿಗೆ ಹೋಗುತ್ತ ಬರುತ್ತ, ಫ್ರೀವೇಯಲ್ಲಿ ಒಬ್ಬನೇ ಪಾಠ ಒಪ್ಪಿಸಿದ. ಇಂಡೋನೇಷ್ಯಾದವರ ಮಾತಿಗೂ ಮಲೇಷ್ಯಾದವರ ಮಾತಿಗೂ ಬೇರು ಒಂದೇ, ಬೆಳೆದ ಅಂಗಳ ಬೇರೆ ಎಂದು ಅವನಿಗೆ ಯಾರು ಹೇಳಬೇಕು? ಗುಟ್ಟಿನಲ್ಲಿ ಕಲಿಯುವವನನ್ನು ತಿದ್ದುವವರಿಲ್ಲ.

ಪಾಠ ಶುರುವಾದ ನಾಲ್ಕನೆಯ ಶನಿವಾರ ಮಧ್ಯಾಹ್ನ ಕ್ಯುಪರ್ಟಿನೋದ ಒಂದು ಮಲೇಷ್ಯನ್ ಹೋಟೆಲಿನಲ್ಲಿ ಮೂವರೂ ಊಟಕ್ಕೆ ಕೂತರು. ಸುಘೋಷ ಚಹಾ ತರಲು ಎದ್ದ. ಮೂರು ಲೋಟ ಹಿಡಿದು ವಾಪಸು ಬರುವಾಗ ಅವರ ಮಾತು ಕಿವಿಗೆ ಬಿತ್ತು. ಅರ್ಧಕ್ಕರ್ಧ ಜಾರಿಹೋಯಿತು. 'ಉತ್ತರ', 'ಸೋಮವಾರ', 'ಕಾಯುತ್ತೇನೆ' ಎಂಬ ಮೂರು ಮಾತ್ರ ಸಿಕ್ಕವು. ಅಜ್ಲಾನ್ ಈ ಸಲ ನಗುತ್ತಿರಲಿಲ್ಲ.

ಇದು ಸಬ್‌ಟೈಟಲ್ಲಲ್ಲ. ಸುಘೋಷ ಲೋಟಗಳನ್ನಿಟ್ಟು, ಕಲಿತ ಭಾಷೆಯಲ್ಲೇ ಕೇಳಿದ. "ಯಾವ ಉತ್ತರ? ನನಗೂ ತಿಳಿಯಬೇಕು."

ಇಬ್ಬರೂ ತುತ್ತು ಮರೆತು ನೋಡಿದರು. ಮೊದಲು ಬಾಯಿಬಿಟ್ಟವನು ಅಜ್ಲಾನ್. "ಜಕಾರ್ತಾದ ಟೀವಿ ನ್ಯೂಸ್ ಕೇಳಿದ ಹಾಗಾಯ್ತು," ಎಂದ ಇಂಗ್ಲಿಷಿನಲ್ಲಿ.

ಸುಘೋಷ ಕುರ್ಚಿ ಎಳೆದುಕೊಂಡು ಕೂತ. "ತಪ್ಪಾ?"

"ತಪ್ಪೇನಿಲ್ಲ. ನಮ್ಮ ಕೆಲಾಂತನ್ ಸೀಮೆಯ ಮಾತು ಇವಳಿಗೇ ಅರ್ಥವಾಗಲ್ಲ. ನಮ್ಮ ಬಂದರುಗಳಿಗೆ ಯಾವ್ಯಾವ ಕಡೆಯವರೋ ಬಂದು ಇದೇ ಭಾಷೇಲಿ ವ್ಯಾಪಾರ ಮಾಡಿದಾರೆ, ಒಬ್ಬೊಬ್ಬರದು ಒಂದೊಂದು ಥರ. ಉಚ್ಚಾರ ಸರಿಯಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಿಲ್ಲ." ತಟ್ಟೆ ಪಕ್ಕಕ್ಕೆ ಸರಿಸಿದ. "ನನಗೆ ಇವಳು ಇಷ್ಟ ಅಂತ ಹೇಳಿದೀನಿ, ಸುಘೋಷ್. ಅದಕ್ಕೇ ಉತ್ತರ ಕೇಳ್ತಿದ್ದೆ." ತನ್ನ ಲೋಟ ಎತ್ತಿಕೊಂಡು ಹೊರಗಿನ ಬೆಂಚಿಗೆ ಹೋಗಿ ಕೂತ.

"ಕದ್ದು ಕೇಳೋಕೆ ಒಂದು ಭಾಷೆ ಕಲ್ತ್ಯಾ, ಮಹಾರಾಯ?" ಎಂದಳು ಸಂಯುಕ್ತಾ.

"ಹೂಂ."

"ಹೇಳೋಕೆ ಇರೋ ಭಾಷೆ ಸಾಕಿತ್ತಲ್ಲ. ಅವನು ಧೈರ್ಯವಾಗಿ ಹೇಳಿದ. ನೀನು ಒಂದು ವರ್ಷದಿಂದ ಬರೀ ಟ್ರಾಫಿಕ್ ವಿಷಯ ಹೇಳ್ತಿದೀಯ."

"ಅವನಿಗೆ ಏನಂತೀಯ?"

"ಸೋಮವಾರದವರೆಗೂ ಟೈಮಿದೆ." ಅವಳು ಓರೆಗಣ್ಣಿನಲ್ಲಿ ನೋಡಿದಳು. ಆ ನೋಟದಲ್ಲಿ ಅರ್ಧ ಕೋಪ, ಅರ್ಧ ದಾರಿ ತೋರಿಸುವ ಕರುಣೆ.

"ಹೋಗಬೇಡ ಅನ್ನೋಕೆ ಬಂದಿದ್ದೆ," ಎಂದ ಅವನು ತಡವರಿಸುತ್ತ. "ಆದ್ರೆ ಆ ಭಾಷೇಲಿ ನೀನು ನಗೋದನ್ನ ನೋಡಿದೀನಿ. ಹೋಗು, ಸಂಯುಕ್ತಾ. ನೀನಂದ್ರೆ ನನಗೆ ಪ್ರಾಣ. ನನ್ನವಳಾಗಿ ಹೋಗು."

ಚಹಾ ಆರುತ್ತಿತ್ತು. ಅವಳು ಲೋಟ ಎತ್ತಿ ನಿಧಾನವಾಗಿ ಒಂದು ಗುಟುಕು ಕುಡಿದಳು. ವರ್ಷ ಕಾಯಿಸಿದವನು ಒಂದು ನಿಮಿಷವಾದರೂ ಕಾಯಲಿ. ಆಮೇಲೆ ಕೈ ಚಾಚಿ ಅವನ ಕೈಯೊಳಗೆ ಇಟ್ಟಳು.

"ಅಜ್ಲಾನ್‌ಗೆ ಇವತ್ತೇ ಹೇಳ್ತೀನಿ. ಒಳ್ಳೆಯವನು, ಸುಮ್ಮನೆ ಕಾಯಿಸಬಾರದು."

"ಅಲ್ಲಿ ಅವನಂಥವರು ಎಷ್ಟು ಜನ ಇರ್ತಾರೆ?"

"ಊರು ತುಂಬ."

"ಹಾಗಾದ್ರೆ ಇನ್ನು ಪಾಠ ನೀನೇ ಹೇಳು. ನಿಮ್ಮ ಮಲಾಕಾದ್ದು."

"ಕದ್ದು ಕೇಳೋಕಾ?"

"ಎದುರಿಗೆ ಕೂತು ಜಗಳ ಆಡೋಕೆ."

ಸಂಯುಕ್ತಾ ನಕ್ಕಳು. ಮಾತು ಕನ್ನಡದ್ದೇ. ಬಾಯಿಗೆ ಅಡ್ಡ ಬರಬೇಕಾದ ಕೈ ಮಾತ್ರ ಅವನ ಕೈಯಲ್ಲೇ ಉಳಿಯಿತು.